ಹೊಸ ಎಂಜಿನ್ ಪಳಗುವ ಹೊತ್ತು

ಹೊಸ ದೋಸೆ ಕಾವಲಿ ತಂದ ದಿನವೇ ಅದರಿಂದ ಚಂದದ ದೋಸೆ ಏಳುತ್ತದೆಂದು ಯಾವ ತಾಯಿಯೂ ನಂಬುವುದಿಲ್ಲ. ತೊಳೆದು, ಎಣ್ಣೆ ಸವರಿ, ಕಾಯಿಸಿ, ಈರುಳ್ಳಿ ಉಜ್ಜಿ, ಹರಿದು ಚಿಂದಿಯಾದ ಮೊದಲ ನಾಲ್ಕೈದು ದೋಸೆಗಳನ್ನು ದನಕ್ಕೆ ಹಾಕಿದ ಮೇಲೆಯೇ ಕಾವಲಿ ‘ಪಳಗಿತು’ ಎನ್ನುವುದು. ಹೊಸ ಕಡೆಯುವ ಕಲ್ಲಿನದೂ ಇದೇ ಕಥೆ. ಮೊದಲು ಅರೆದ ಅಕ್ಕಿಯಲ್ಲಿ ಕಲ್ಲಿನ ಪುಡಿ ಇರುತ್ತದೆ, ಅದನ್ನು ಚೆಲ್ಲಲೇಬೇಕು. ಅಡುಗೆಮನೆಯಲ್ಲಿ ಇಷ್ಟು ತಾಳ್ಮೆ ತೋರುವ ಮನೆಗೆ ಲಕ್ಷಗಟ್ಟಲೆ ಬೆಲೆಯ ಕಾರು ಬಂದಾಗ ಮಾತ್ರ ಆ ವಿವೇಕ ಅಂಗಳದಾಚೆಯೇ ಉಳಿದುಬಿಡುತ್ತದೆ.

ಬೆಳ್ತಂಗಡಿ ತಾಲೂಕಿನ ಅಳದಂಗಡಿಯಲ್ಲಿ ಇಂಥದೊಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಅಡಿಕೆ ಒಣಗುವ ಅಂಗಳ. ಬೆಂಗಳೂರಿನಲ್ಲಿ ದುಡಿಯುವ ಹಿರಿಮಗ ಎರಡೇ ಬಾಗಿಲಿನ, ತಗ್ಗು ಮೈಯ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ್ದಾನೆ. ಪೂಜೆಯಾಗಿದೆ, ಚಕ್ರದಡಿಯ ಲಿಂಬೆಹಣ್ಣು ಚಪ್ಪಟೆಯಾಗಿದೆ. ಪಿಯುಸಿ ಓದುವ ತಮ್ಮನಿಗೆ ಒಂದೇ ಆಸೆ. “ಅಣ್ಣಾ, ಒಮ್ಮೆ ಪೂರ್ತಿ ಒತ್ತು ನೋಡುವಾ, ಗುರುವಾಯನಕೆರೆಗೆ ಎಷ್ಟು ನಿಮಿಷದಲ್ಲಿ ಮುಟ್ಟುತ್ತದೆ!” ಹಿಂದೊಮ್ಮೆ ಯೆಜ್ಡಿ ಬೈಕು ಓಡಿಸಿದ್ದ ಅಪ್ಪ ಜಗಲಿಯಿಂದಲೇ ತಡೆಯುತ್ತಾರೆ. “ಮಗಾ, ಮೊದಲು ಸಾವಿರ ಕಿಲೋಮೀಟರ್ ಆಗಲಿ. ಅಲ್ಲಿವರೆಗೆ ನಲವತ್ತು ದಾಟಿಸಬೇಡ.” ಹಿರಿಮಗ ನಗುತ್ತಾನೆ. “ಅಪ್ಪಾ, ಅದು ನಿಮ್ಮ ಕಾಲದ ಮಾತು. ಈಗಿನ ಎಂಜಿನ್ ಫ್ಯಾಕ್ಟರಿಯಲ್ಲೇ ರೆಡಿಯಾಗಿ ಬರುತ್ತದೆ.”

ಮೂವರಲ್ಲಿ ಯಾರು ಸರಿ? ತಮ್ಮನಂತೂ ಅಲ್ಲ. ಉಳಿದಿಬ್ಬರದೂ ಅರ್ಧ ಸರಿ, ಅರ್ಧ ತಪ್ಪು.

ಅಪ್ಪನ ಮಾತಿಗೆ ಮೈಸೂರಿನ ಹಿನ್ನೆಲೆಯಿದೆ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅವುಗಳ ಎರಡು ಹೊಡೆತದ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕಿತ್ತು. 250 ಸಿ.ಸಿ. ಜಾವಾದ ಸಿಲಿಂಡರಿನ ಒಳವ್ಯಾಸ 65 ಮಿ.ಮೀ. ಅದರೊಳಗೆ ಅಲ್ಯೂಮಿನಿಯಂ ಮಿಶ್ರಲೋಹದ ಪಿಸ್ಟನ್, ಸುತ್ತ ಕಬ್ಬಿಣದ ಗೋಡೆ. ಕಾಯಿಸಿದಾಗ ಅಲ್ಯೂಮಿನಿಯಂ ಕಬ್ಬಿಣದ ಸರಿಸುಮಾರು ಎರಡರಷ್ಟು ಹಿಗ್ಗುತ್ತದೆಂಬುದು ಪ್ರೌಢಶಾಲೆಯ ಪಾಠ. ಉಷ್ಣತೆ 100 ಡಿಗ್ರಿ ಏರಿದರೆ ಈ ಅಳತೆಯ ಅಲ್ಯೂಮಿನಿಯಂ ಸುಮಾರು 0.15 ಮಿ.ಮೀ., ಕಬ್ಬಿಣ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ವ್ಯತ್ಯಾಸ ಒಂದು ತಲೆಗೂದಲಿನಷ್ಟು. ಎರಡರ ನಡುವೆ ಬಿಟ್ಟಿರುವ ಸಂದೂ ಹೆಚ್ಚುಕಡಿಮೆ ಅಷ್ಟೇ! ಹೊಸತರಲ್ಲಿ ಘರ್ಷಣೆ ಹೆಚ್ಚು, ಘರ್ಷಣೆಯಿಂದ ಶಾಖ, ಶಾಖದಿಂದ ಹಿಗ್ಗುವಿಕೆ, ಅದರಿಂದ ಮತ್ತಷ್ಟು ಘರ್ಷಣೆ. ಅವಸರಪಟ್ಟವನ ಪಿಸ್ಟನ್ ನಡುದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತಿತ್ತು. ಹಿರಿಯರ ‘ನಲವತ್ತು’ ಬಂದದ್ದು ಈ ಭಯದಿಂದ.

ಕಾರುಗಳಿಗೂ ಅದೇ ಭಯವಿತ್ತು. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿರಬಹುದು. ಅಂಥ ಕಾರುಗಳು ಹೊಸತಾಗಿದ್ದ ಕಾಲದಲ್ಲಿ ಇಂಗ್ಲೆಂಡಿನ ಮಾಲಿಕರು ಹಿಂದಿನ ಗಾಜಿಗೆ ‘ರನ್ನಿಂಗ್ ಇನ್, ಪ್ಲೀಸ್ ಪಾಸ್’ ಎಂಬ ಚೀಟಿ ಅಂಟಿಸಿಕೊಂಡು ಮೆಲ್ಲಗೆ ಹೋಗುತ್ತಿದ್ದರು. ‘ಪಳಗಿಸುತ್ತಿದ್ದೇನೆ, ದಯವಿಟ್ಟು ಮುಂದೆ ಹೋಗಿ’ ಎಂದು ಅರ್ಥ. ನಮ್ಮ ದೇಶದಲ್ಲಿ 1998ರಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಇಬ್ಬರೇ ಕೂರುವ, ಫೈಬರ್ ಮೈಯ, ರೆನೋ ಎಂಜಿನ್ನಿನ ಕಾರು ಬರುವ ಹೊತ್ತಿಗೆ ಜಗತ್ತಿನ ಯಂತ್ರಕಾರ್ಯ ಬಹಳ ನಯವಾಗಿತ್ತು. ಇಂದಿನ ಎಂಜಿನ್ ಮೊದಲ ದಿನ ಕಚ್ಚಿಕೊಂಡು ನಿಲ್ಲುವುದು ಅಪರೂಪ. ಮಗನ ಮಾತಿನ ಸರಿಯಾದ ಅರ್ಧ ಇದು.

ತಪ್ಪಾದ ಅರ್ಧ ಇರುವುದು ಸಿಲಿಂಡರಿನ ಗೋಡೆಯಲ್ಲಿ. ಕಣ್ಣಿಗೆ ನಯವಾಗಿ ಕಂಡರೂ ಆ ಗೋಡೆಯ ಮೇಲೆ ಒಂದನ್ನೊಂದು ಓರೆಯಾಗಿ ದಾಟುವ ಸೂಕ್ಷ್ಮ ಗೀರುಗಳನ್ನು ಕಾರ್ಖಾನೆಯವರು ಬೇಕೆಂದೇ ಕೊರೆದಿರುತ್ತಾರೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲಬೇಕು. ಗೀರಿನ ಉಬ್ಬನ್ನು ಪಿಸ್ಟನ್ನಿನ ರಿಂಗು ಮೆಲ್ಲಗೆ ಸವೆಸಿ ತನಗೆ ಸರಿಹೊಂದುವ ಹಾದಿ ಮಾಡಿಕೊಳ್ಳಬೇಕು. ಈ ಕೊನೆಯ ಕೆಲಸ ಕಾರ್ಖಾನೆಯಲ್ಲಿ ಪೂರ್ತಿ ಮುಗಿಯುವುದಿಲ್ಲ. ಅದನ್ನು ಮುಗಿಸುವವನು ಮಾಲಿಕ.

ರಿಂಗನ್ನು ಗೋಡೆಗೆ ಒತ್ತುವುದು ಯಾವುದು? ಅದರ ಸ್ವಂತ ಸ್ಪ್ರಿಂಗಿನ ಬಲ ಅಲ್ಪ. ಪೆಟ್ರೋಲ್ ಉರಿದಾಗ ಉಂಟಾಗುವ ಅನಿಲದ ಒತ್ತಡವೇ ರಿಂಗಿನ ಬೆನ್ನಿಗೆ ನುಗ್ಗಿ ಅದನ್ನು ಗೋಡೆಗೆ ತಳ್ಳುತ್ತದೆ. ಹಾಗಾಗಿ ಕಾರನ್ನು ಸಾವಿರ ಕಿಲೋಮೀಟರ್ ಉದ್ದಕ್ಕೂ ಬಸವನ ಹುಳದಂತೆ ಓಡಿಸಿದರೆ ರಿಂಗು ಗೋಡೆಗೆ ಸಾಕಷ್ಟು ಒತ್ತುವುದೇ ಇಲ್ಲ. ಉಬ್ಬುಗಳು ಸವೆಯುವ ಬದಲು ಅವುಗಳ ಮೇಲೆ ಸುಟ್ಟ ಆಯಿಲಿನ ಹೊಳಪು ಪದರ ಕೂರುತ್ತದೆ. ಅಂಥ ಎಂಜಿನ್ ಮುಂದೆ ಆಯಿಲ್ ಕುಡಿಯುತ್ತದೆ. ಅತಿ ಮುದ್ದು ಮಾಡಿ ಬೆಳೆಸಿದ್ದಕ್ಕೂ ಬೆಲೆ ತೆರಬೇಕಾಗುತ್ತದೆ. (ತಂದೆತಾಯಿಯರು ಇದನ್ನು ಬೇರೆ ವಿಷಯಕ್ಕೆ ಅನ್ವಯಿಸಿಕೊಂಡರೆ ತಡೆಯುವಂತಿಲ್ಲ!)

ಹಾಗಾದರೆ ಮಾಡಬೇಕಾದದ್ದೇನು? ಕಂಪೆನಿಯ ಪುಸ್ತಕವೇ ಇಲ್ಲಿ ಪಂಚಾಂಗ. ಬಹುಪಾಲು ಪುಸ್ತಕಗಳ ಸಾರ ಒಂದೇ: ವೇಗಕ್ಕಿಂತ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದು ಮುಖ್ಯ. ಮೀಟರಿನ ಕೆಂಪು ಗೆರೆ 7000ದಲ್ಲಿದ್ದರೆ ಮೊದಮೊದಲು 4000 - 4500ರೊಳಗೆ ಇರಲಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬಾರದು. ಏರಿಸಬೇಕು, ಇಳಿಸಬೇಕು, ಗೇರ್ ಬದಲಿಸುತ್ತಿರಬೇಕು. ಈ ಲೆಕ್ಕದಲ್ಲಿ ಅಳದಂಗಡಿಯವರು ಅದೃಷ್ಟವಂತರು. ನಾಲ್ಕು ಪಥದ ನೇರ ಹೆದ್ದಾರಿಗಿಂತ ನಾರಾವಿ, ಕಾರ್ಕಳದತ್ತ ಹೋಗುವ ಏರಿಳಿತದ, ತಿರುವುಗಳ ದಾರಿಯೇ ಹೊಸ ಎಂಜಿನ್ನಿಗೆ ಒಳ್ಳೆಯ ಶಾಲೆ. ಚಾರ್ಮಾಡಿ ಘಾಟಿ ಮಾತ್ರ ಮೊದಲ ವಾರಕ್ಕೆ ಬೇಡ. ಹೋಗಲೇಬೇಕಾದರೆ ಮೇಲಿನ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಂತೆ ಹತ್ತಿಸಬಾರದು. ಇಳಿಯುವಾಗಲೂ ಕೆಳಗಿನ ಗೇರೇ ಇರಲಿ, ಇಲ್ಲವಾದರೆ ಎಲ್ಲ ಭಾರವೂ ಹೊಸ ಬ್ರೇಕಿನ ಮೇಲೆ ಬೀಳುತ್ತದೆ.

ಬೆಳಿಗ್ಗೆ ಚಾಲೂ ಮಾಡಿ ಅಂಗಳದಲ್ಲೇ ಗುರುಗುಟ್ಟಿಸುವ ಅಭ್ಯಾಸವೂ ಒಳ್ಳೆಯದಲ್ಲ. ತಣ್ಣಗಿನ ಆಯಿಲ್ ದಪ್ಪವಾಗಿರುತ್ತದೆ ನಿಜ. ಆದರೆ ನಿಂತ ಎಂಜಿನ್ ಬಿಸಿಯಾಗುವುದು ನಿಧಾನ, ಅಷ್ಟರಲ್ಲಿ ಉರಿಯದ ಪೆಟ್ರೋಲ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಅರ್ಧ ನಿಮಿಷದಲ್ಲಿ ಹೊರಟು, ಗುರುವಾಯನಕೆರೆ ಮುಟ್ಟುವವರೆಗೆ ಹದವಾಗಿ ಹೋದರೆ ಸಾಕು. ನೀರಿನ ಮುಳ್ಳು ಮೇಲೇರಿತೆಂದರೆ ಆಯಿಲ್ ಕೂಡ ಬಿಸಿಯಾಯಿತೆಂದು ತಿಳಿಯಬಾರದು, ಅದಕ್ಕೆ ಇನ್ನೂ ಕೆಲವು ನಿಮಿಷ ಬೇಕು.

ಎಂಜಿನ್ ಕೆಟ್ಟರೆ ಹಣ ಹೋದೀತು. ತಮ್ಮನ ಆಸೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯವಿದೆ. ಹೊಸ ಕಾರಿನಲ್ಲಿ ಪಳಗಬೇಕಾದದ್ದು ಎಂಜಿನ್ ಒಂದೇ ಅಲ್ಲ. ಹೊಸ ಟಯರಿನ ಮೈಮೇಲೆ ಅಚ್ಚಿನಿಂದ ಬಿಡಿಸುವಾಗಿನ ಜಾರು ಪದರ ಉಳಿದಿರುತ್ತದೆ. ಬ್ರೇಕಿನ ಪ್ಯಾಡಿನಿಂದ ತೆಳುವಾದ ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂತ ಮೇಲೆಯೇ ಹಿಡಿತ ಪೂರ್ಣ. ಎರಡಕ್ಕೂ ಇನ್ನೂರು ಮುನ್ನೂರು ಕಿಲೋಮೀಟರ್ ಓಟ ಬೇಕು. ಅಂದರೆ ಕಾರು ಅತ್ಯಂತ ಹೊಸತಾಗಿ ಹೊಳೆಯುವ ದಿನವೇ ಅದರ ನಿಲ್ಲುವ ಶಕ್ತಿ ಅತ್ಯಂತ ಕಡಿಮೆ! ಓಡಿಸುವವನಿಗೂ ಅದರ ಬಲ ಇನ್ನೂ ಅಂದಾಜಿಗೆ ಸಿಕ್ಕಿರುವುದಿಲ್ಲ.

ಲೆಕ್ಕ ಮಾಡಿ ನೋಡಬಹುದು. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷದ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲುವ ದೂರ ಬರುತ್ತದೆ. ಒಣ ರಸ್ತೆಯಲ್ಲಿ ಘರ್ಷಣಾಂಕ 0.7 ಎಂದಿಟ್ಟುಕೊಂಡರೆ 20 ಮೀಟರ್. ಜೂನ್ ತಿಂಗಳ ಮೊದಲ ಮಳೆಗೆ ಕೆಂಪು ಮಣ್ಣು ಹರಿದ ರಸ್ತೆಯಲ್ಲಿ ಅದು 0.4ಕ್ಕೆ ಇಳಿದರೆ 35 ಮೀಟರ್. ಚಾಲಕ ಎಚ್ಚೆತ್ತು ಬ್ರೇಕ್ ತುಳಿಯುವ ಒಂದು ಸೆಕೆಂಡಿನ 16.7 ಮೀಟರ್ ಇದಕ್ಕೆ ಸೇರಬೇಕು. ವೇಗವನ್ನು 120ಕ್ಕೆ ಏರಿಸಿದರೆ ಬ್ರೇಕಿನ ದೂರ ಎರಡಲ್ಲ, ನಾಲ್ಕು ಪಟ್ಟು. ತಿರುವಿನಾಚೆ ಶಾಲೆ ಬಿಟ್ಟು ಬರುವ ಮಕ್ಕಳಿದ್ದಾರೋ ಇಲ್ಲವೋ ಕಾರಿಗೆ ತಿಳಿಯದು.

ತಮ್ಮನಿಗೆ ಹದಿನೆಂಟು ತುಂಬಿಲ್ಲವಾದರೆ ಸ್ಟೀರಿಂಗ್ ಮುಟ್ಟಿಸುವ ಮಾತೇ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತನ ತಪ್ಪಿಗೆ ಪೋಷಕ ಅಥವಾ ಮಾಲಿಕ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ ಅನುಭವಿಸಬೇಕಾಗಬಹುದು. “ಅಂಗಳದಲ್ಲಿ ಒಂದು ಸುತ್ತು ಅಷ್ಟೇ” ಎಂದು ಶುರುವಾದದ್ದು ಅಂಗಳದಲ್ಲೇ ಮುಗಿಯುವುದಿಲ್ಲವೆಂದು ಎಲ್ಲ ಅಮ್ಮಂದಿರಿಗೂ ಗೊತ್ತು.

ನಮ್ಮ ಕಡೆಯ ಮಳೆಗಾಲ ಈ ಬಗೆಯ ಕಾರಿಗೆ ಬೇರೆಯೇ ಪರೀಕ್ಷೆ. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ನಾಲ್ಕೈದು ಅಂಗುಲ ಮೇಲಿದ್ದರೆ ಹೆಚ್ಚು. ಹಂಪಿಗೆ ತಾಗುವ ಚಿಂತೆ ಒಂದು ಕಡೆಗಿರಲಿ, ನಿಂತ ನೀರಿನಲ್ಲಿ ನುಗ್ಗಿಸಿದರೆ ಗಾಳಿಯ ಕೊಳವೆಯಿಂದ ನೀರು ಸಿಲಿಂಡರಿಗೆ ಹೋದೀತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗದು. ಮೇಲೇರುವ ಪಿಸ್ಟನ್ನಿಗೆ ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಕೀಲಿ ತಿರುಗಿಸದೆ ತಳ್ಳಿ ಹೊರತರಬೇಕು.

ಮಗ ಬೆಂಗಳೂರಿಗೆ ಬಸ್ಸು ಹತ್ತಿ, ಕಾರು ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ತೇವದ ಗಾಳಿಗೆ ಎಡೆ ಕಡಿಮೆ. ವಾರಕ್ಕೊಮ್ಮೆ ಎರಡು ನಿಮಿಷ ಚಾಲೂ ಮಾಡಿ ನಿಲ್ಲಿಸುವುದಕ್ಕಿಂತ ಹದಿನೈದು ದಿನಕ್ಕೊಮ್ಮೆ ಲೈಸೆನ್ಸ್ ಇರುವವರು ಅರ್ಧ ಗಂಟೆ ಓಡಿಸಿ ತಂದರೆ ಆಯಿಲಿನಲ್ಲಿ ಸೇರಿದ ನೀರು ಆವಿಯಾಗಿ ಹೋಗುತ್ತದೆ. ಬಾನೆಟ್ಟಿನೊಳಗೆ ಇಲಿ ಹೊಕ್ಕಿದೆಯೇ ಎಂದು ಆಗಾಗ ನೋಡಬೇಕು. ಅಡಿಕೆ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ವಯರು ಕಡಿಯಲು ಅವಕ್ಕೆ ಮುಹೂರ್ತ ಬೇಕಿಲ್ಲ.

ಇನ್ನು ಮೊದಲ ಆಯಿಲ್ ಬದಲಾವಣೆ. ಜರ್ಮನಿಯ ಬಿಎಂಡಬ್ಲ್ಯು ಕಂಪೆನಿ ತನ್ನ ‘ಎಂ’ ಕಾರುಗಳಿಗೆ 2000 ಕಿಲೋಮೀಟರಿಗೇ ಇದನ್ನು ಹೇಳುತ್ತದೆ. ಕೆಲವು ಕಂಪೆನಿಗಳು ಇನ್ನೂ ತಡವಾಗಿ ಹೇಳುತ್ತವೆ. ಅವಸರಪಟ್ಟು ನೂರಕ್ಕೇ ಬದಲಿಸಬೇಕಾಗಿಲ್ಲ, ಪುಸ್ತಕದ ದಿನ ದಾಟಿಸಲೂ ಬಾರದು. ಆ ದಿನ ತಮ್ಮನನ್ನೂ ಸರ್ವಿಸ್ ಸ್ಟೇಷನ್ನಿಗೆ ಕರೆದೊಯ್ಯಬೇಕು. ಇಳಿಸಿದ ಹಳೆಯ ಆಯಿಲನ್ನು ಒಂದು ಲೋಟದಷ್ಟು ಕೇಳಿ ಪಡೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರಲ್ಲಿ ಕೆಲವು ನಿಮಿಷ ಆಡಿಸಿ, ಬಿಳಿ ಕಾಗದದ ಮೇಲೆ ಒರೆಸಿ ಬಿಸಿಲಿಗೆ ಹಿಡಿದರೆ ಬೂದು ಬಣ್ಣದ ನಯವಾದ ಪುಡಿ ಮಿನುಗುವುದು ಕಂಡೀತು. ಕಾಗದದ ಮೂಲೆಯಲ್ಲಿ ತಾರೀಖು, ಕಿಲೋಮೀಟರ್ ಬರೆದಿಟ್ಟು, ಮುಂದಿನ ಸರ್ವಿಸಿನಲ್ಲಿ ಇನ್ನೊಂದು ಕಾಗದದ ಮೇಲೆ ಅದೇ ಪ್ರಯೋಗ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ.