ಗುಡ್ಡಾ ಏರಾಂವ ಒಬ್ಬ, ಬುತ್ತಿ ಕಟ್ಟಾವ್ರು ಹತ್ತ ಮಂದಿ

ಸೈಕಲ್ ರೇಸ್ ಅಂದ್ರ ಒಬ್ಬ ಹುಡುಗ ತಲಿ ಬಗ್ಗಿಸಿ ಪೆಡಲ್ ತುಳಿಯೂದು, ಅಷ್ಟ, ಅಂತ ಭಾಳ ಮಂದಿ ತಿಳ್ಕೊಂಡಾರ. ನನಗ ಹಂಗ ಅನಸೂದಿಲ್ರಿ. ಅದು ಇಡೀ ಮನಿ ಎತ್ತಿಕೊಂಡು ಊರಿಂದ ಊರಿಗೆ ಹೋಗೂ ಕೆಲಸ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಚಕ್ಕಡಿ ಕಟ್ಟಿಕೊಂಡು ಹೋಗೂದು ನೋಡಿದವರಿಗೆ ಇದು ಲಗೂನ ತಿಳೀತೈತಿ. ಗುಡ್ಡಾ ಏರೂದು ಎತ್ತು, ಖರೆ. ಆದ್ರ ಮೊದಲ ರೊಟ್ಟಿ ಬಡದು, ಶೇಂಗಾ ಹಿಂಡಿ ಕುಟ್ಟಿ, ಬುತ್ತಿ ಕಟ್ಟಿ, ಹಾಸಿಗಿ ಸುತ್ತಿದವರು ಇರದಿದ್ರ ಚಕ್ಕಡಿ ಊರ ಅಗಸಿ ಸುದ್ದಾ ದಾಟೂದಿಲ್ಲ.

ನಮ್ಮ ಕಡೆ ಸೈಕಲ್ ಹೊಸಾದಲ್ಲ. ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾ ಶಾಲಿಯಿಂದ, ವಿಜಯಪುರ, ಬಾಗಲಕೋಟಿ ಹಾಸ್ಟೆಲುಗಳಿಂದ ಹಳ್ಳಿ ಮಕ್ಕಳು ಹೋಗಿ ರಾಷ್ಟ್ರಮಟ್ಟದಾಗ ಪದಕ ತಂದಾರ. ನಮ್ಮ ಅಕ್ಕನ ಮಗನೂ ಸೈಕಲ್ ಹೊಡೀತಾನ. ಹಂಗಾಗಿ ಒಂದೆರಡ ರೇಸಿಗೆ ಹುಡುಗೂರ ಹಿಂದ ಬಾಡಿಗಿ ಗಾಡ್ಯಾಗ ನಾನೂ ಹೋಗೀನಿ. ಬಾಳೆಹಣ್ಣು, ನೀರಿನ ಕ್ಯಾನು, ಶೇಂಗಾ ಚಿಕ್ಕಿ, ಹಸಿ ಅಂಗಿ, ಪಂಪು, ಟ್ಯೂಬು ಎಲ್ಲಾ ಅಕ್ಕನ ಕಾಲಾಗ. ಕೋಚ್ ಒಬ್ಬರ ಗಾಡಿ ನಡಸಬೇಕು, ಪಂಚರ್ ತಿದ್ದಬೇಕು, ಸಂಜಿಗೆ ಹುಡುಗೂರ ಕಾಲೂ ತಿಕ್ಕಬೇಕು.

ಈಗ ದೊಡ್ಡವರದು ನೋಡ್ರಿ. ಟೂರ್ ಡಿ ಫ್ರಾನ್ಸಿನಾಗ 3 ವಾರಕ್ಕ 21 ಹಂತ. ಒಂದ ಟೀಮಿಗೆ ಓಡಸಾವ್ರು 8 ಮಂದಿ, ಅವರನ್ನ ನೋಡಿಕೊಳ್ಳಾವ್ರು ಅದಕ್ಕಿಂತ ಜಾಸ್ತಿ. ಅಡಿಗಿಯವರು, ಮೆಕ್ಯಾನಿಕ್, ಡಾಕ್ಟರ್, ಬಸ್ ಡ್ರೈವರ್. ಇವರ ಜೋಡಿ ಸ್ವಾನ್ಯೂರ್ ಅನ್ನೂ ಮಂದಿ ಇರತಾರ. ಫ್ರೆಂಚಿನಾಗ ಅದರ ಅರ್ಥ ಆರೈಕಿ ಮಾಡಾವ್ರು ಅಂತ. ಮುಂಜಾನೆ ಎದ್ದು ಬಾಟಲಿ ತುಂಬೂದು, ಅನ್ನಾ ಒತ್ತಿ ತುಂಡು ಮಾಡಿ ಬೆಳ್ಳಿ ಹಾಳ್ಯಾಗ ಸುತ್ತೂದು, ದಾರ್ಯಾಗ ಬುತ್ತಿ ಚೀಲಾ ಹಿಡಕೊಂಡು ನಿಂದರೂದು, ಸಂಜಿಗೆ ಮಾಲೀಸ್, ರಾತ್ರಿ ಬೆವತ ಅರಬಿ ಒಗಿಯೂದು. ಗುಡ್ಡದ ದಿನಾ ಅಂತೂ ಇವರಿಲ್ಲದ ನಡಿಯೂದ ಇಲ್ಲ. ಆಲ್ಪ್ ದ್ಯುಯೇಜ್ ಗುಡ್ಡಕ್ಕ 21 ತಿರುವು, ಸುಮಾರ 14 ಕಿಲೋಮೀಟರ್ ಏರು. ಹೊಟ್ಟಿ ಬರಿದಾತಂದ್ರ ಕಾಲು ಅಲ್ಲೇ ಸೋತ ಹೋಗತಾವು. ತುದಿ ಮುಟ್ಟಿದ ಮ್ಯಾಲ ಬೆವತ ಮೈಲೆ ಇಳುಕಲಿಗೆ ಬಿದ್ರ ಥಂಡಿ ಹಿಡೀತೈತಿ. ಅದಕ್ಕ ತುದಿಗೆ ಒಬ್ಬರು ಜಾಕೆಟ್ ಹಿಡಕೊಂಡು ನಿಂತಿರಬೇಕು. ಸಾಲಿ ಬಿಟ್ಟ ಹೊತ್ತಿಗೆ ಮಳಿ ಬಂದ್ರ ಕೊಡಿ ತಗೊಂಡು ಓಡೂ ಅವ್ವನ ಕೆಲಸ ಇದ ಅಲ್ಲೇನ್ರಿ?

ಸೈಕಲ್ ಮ್ಯಾಲ ಇದ್ದವರೊಳಗೂ ಒಬ್ಬ ನಾಯಕ, ಉಳಿದವರು ಅವನ ಸಲುವಾಗಿ ಗಾಳಿಗೆ ಎದಿ ಕೊಡಾವ್ರು, ಹಿಂದ ಹೋಗಿ ನೀರು ತರಾವ್ರು. ಅವರಿಗೆ ಡೊಮೆಸ್ಟಿಕ್ ಅಂತಾರ, ಅಂದ್ರ ಮನಿ ಆಳು. ಹೆಸರು ಛಲೋ ಅಲ್ಲ, ಆದ್ರ ಒಂದ ರೂಢಿ ಛಲೋ ಐತಿ. ಗೆದ್ದವಗ ಬರೂ 5 ಲಕ್ಷ ಯೂರೋ ಅವ ಒಬ್ಬನ ಕಿಸೆಕ್ಕ ಹೋಗೂದಿಲ್ಲ, ಟೀಮಿನವರು ಹಂಚಿಕೊಳ್ತಾರ.

ಮೊದಲ ಹಿಂಗ ಇರಲಿಲ್ಲ. 1913ರಾಗ ಯೂಜೀನ್ ಕ್ರಿಸ್ಟೋಫ್ ಅನ್ನಾವಂದು ಟೂರ್ಮಾಲೆ ಗುಡ್ಡದ ಇಳುಕಲಿನಾಗ ಮುಂದಿನ ಫೋರ್ಕ್ ಮುರೀತು. ಯಾರ ಸಹಾಯಾನೂ ತಗೋಬಾರದು ಅಂತ ಆಗ ಕಾಯ್ದೆ. ಅಂವ ಸೈಕಲ್ ಹೊತಗೊಂಡು 10 ಕಿಲೋಮೀಟರ್ ಮ್ಯಾಲ ನಡದ, ಕೆಳಗ ಊರಾಗ ಕಂಬಾರನ ಕುಲುಮಿಗೆ ಹೋಗಿ ತಾಸುಗಟ್ಟಲೆ ಕುಂತು ತಾನ ಬೆಸದ. ಅಷ್ಟಾದರೂ ದಂಡ ಬಿತ್ತು. ಯಾಕಂದ್ರ ಒಬ್ಬ ಸಣ್ಣ ಹುಡುಗ ತಿದಿ ಒತ್ತಿಕೊಟ್ಟಿದ್ದ!

ಆ ಕಾಯ್ದೆ ಹೋಗಿ ಎಷ್ಟೋ ವರ್ಷ ಆತು. ನಮ್ಮ ತಲ್ಯಾಗ ಮಾತ್ರ ಅದ ಕಾಯ್ದೆ ಕುಂತೈತಿ. ಹುಡುಗ ಪದಕ ತಂದ ಅಂದ್ರ ಅವಗ ಶಾಲು, ಮುಖಂಡರಿಗೆ ಶಾಲು, ಫೋಟೋಕ್ಕ ನಿಂತ ಅತಿಥಿಗಳಿಗೆ ಶಾಲು. ನಾನು ನೋಡಿದ ಒಂದ ಸನ್ಮಾನದಾಗ ನಮ್ಮ ಅಕ್ಕ ವೇದಿಕಿ ಹಿಂದ ಬಂದವರಿಗೆ ಉಪ್ಪಿಟ್ಟು ನೀಡಕೋತ ಇದ್ಲು. ಅಕಿಗೆ ಅದರ ಬೇಜಾರ ಇರಲಿಲ್ಲ. ನನಗಿತ್ತು. ತಿದಿ ಒತ್ತಿದವರನ್ನ ಆಗ ದಂಡಕ್ಕರ ಲೆಕ್ಕಾ ಹಿಡದಿದ್ರು, ನಾವು ಅದಕ್ಕೂ ಹಿಡಿಯೂದಿಲ್ಲ.

"ಸೈಕಲ್ಲಿಗ ರೊಕ್ಕಾ ಇಲ್ಲ, ಅಡಿಗಿಯವರಿಗೆ ಎಲ್ಲಿಂದ ತರೂಣು?" ಅಂತ ಕೇಳತಾರ. ಮಾತು ಸುಳ್ಳಲ್ಲ. ಒಂದ ಛಲೋ ರೇಸ್ ಸೈಕಲ್ ಅಂದ್ರ ಲಕ್ಷದ ಮ್ಯಾಲ. ಆದ್ರ ಲಕ್ಷದ ಸೈಕಲ್ ಕೊಟ್ಟು ಹುಡುಗನ್ನ ಹಸದ ಹೊಟ್ಟಿಲೆ, ತಿಕ್ಕಲಾರದ ಕಾಲಿಲೆ ಕಳಿಸಿದ್ರ ಆ ಲಕ್ಷನೂ ನೀರಾಗ ಹೋತು. ಈಗ ಆ ಕೊರತಿ ತುಂಬಾವ್ರು ಯಾರು? ಅವ್ವ, ಅಕ್ಕ, ಅತ್ತಿ. ಅವರ ಕೂಲಿ ಮುರದದ್ದು, ಗಾಡಿ ಬಾಡಿಗಿ ಸಾಲಾ ಮಾಡಿದ್ದು ಯಾವ ಬಜೆಟ್ಟಿನಾಗೂ ಬರೂದಿಲ್ಲ. ಯಾವ ಮನ್ಯಾಗ ಅಷ್ಟು ಮಾಡೂ ತಾಕತ್ತಿಲ್ಲೋ ಆ ಮನಿ ಹುಡುಗ ಸೈಕಲ್ ಬಿಡತಾನ, ಕಾಲಾಗ ಎಷ್ಟ ಶಕ್ತಿ ಇದ್ರೂ.

ಅದಕ್ಕ ನನ್ನ ಮಾತು ಇಷ್ಟ. ಹುಡುಗೂರನ್ನ ರೇಸಿಗೆ ಕಳಿಸೂ ಮುಂದ ಅಡಿಗಿಯವರು, ಮೆಕ್ಯಾನಿಕ್, ಮಾಲೀಸ್ ಮಾಡಾವ್ರು ಮೂರೂ ಮಂದಿ ಖರ್ಚು ಸೈಕಲ್ ಖರ್ಚಿನ ಜೋಡಿನ ಬರೀರಿ, ಅವರಿಗೆ ಪಗಾರ ಕೊಡ್ರಿ. ಮನಿಯವರು ಹಿಂದ ಹೋದ್ರ ಅವರ ಗಾಡಿ ಬಾಡಿಗಿನೂ ಕೊಡ್ರಿ. ಶಾಲು ಆಮ್ಯಾಲ ನೋಡೂಣಂತ.