ಅಳಿಯ ಬರಬೇಕಾದರೆ 29,000 ಪೌಂಡ್ ಸಂಬಳ ತೋರಿಸಿ!

2022ರ ಅಕ್ಟೋಬರ್‌ನಲ್ಲಿ ರಿಷಿ ಸುನಕ್ ಬ್ರಿಟನ್ ಪ್ರಧಾನಿಯಾದಾಗ ನಮ್ಮ ಟಿವಿ ಚಾನೆಲ್‌ಗಳಲ್ಲಿ ‘ಬೆಂಗಳೂರಿನ ಅಳಿಯ’ನದ್ದೇ ಸಂಭ್ರಮ. ಮರುವರ್ಷ ಡಿಸೆಂಬರ್ 4ರಂದು ಅದೇ ಅಳಿಯನ ಸರ್ಕಾರದ ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಸಂಸತ್ತಿನಲ್ಲಿ ಒಂದು ಘೋಷಣೆ ಮಾಡಿದರು. ಬ್ರಿಟಿಷ್ ಪ್ರಜೆಯೊಬ್ಬರು ಹೊರದೇಶದ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 38,700 ಪೌಂಡ್ ದುಡಿಯುತ್ತಿರಬೇಕು! ಅಲ್ಲಿಯವರೆಗೆ ಇದ್ದದ್ದು 18,600. ಒಂದೇ ಏಟಿಗೆ ದುಪ್ಪಟ್ಟಿಗಿಂತ ಜಾಸ್ತಿ. ಬೇರೆ ಊರಿನ ಅಳಿಯಂದಿರಿಗೆ ನಮ್ಮ ಅಳಿಯನ ಸರ್ಕಾರ ಕಟ್ಟಿದ ಬೆಲೆ ಇದು.

ಅಲ್ಲಿ ಗಲಾಟೆ ಜೋರಾಯಿತು. ಕೆಲವೇ ವಾರಗಳಲ್ಲಿ ಸರ್ಕಾರ ಸ್ವಲ್ಪ ಹಿಂದೆ ಸರಿದು, ಹಂತಹಂತವಾಗಿ ಏರಿಸುತ್ತೇವೆ ಅಂದಿತು. 2024ರ ಏಪ್ರಿಲ್ 11ರಿಂದ ಮೊದಲ ಹಂತವಾಗಿ 29,000 ಜಾರಿಗೆ ಬಂತು. ಜುಲೈನಲ್ಲಿ ಲೇಬರ್ ಪಕ್ಷ ಗೆದ್ದು ಮುಂದಿನ ಹಂತಗಳನ್ನು ನಿಲ್ಲಿಸಿತು. ಆದರೆ 29,000ವನ್ನು ಇಳಿಸಲಿಲ್ಲ.

ಈ ಸಂಖ್ಯೆಗಳು ಎಲ್ಲಿಂದ ಬಂದವು ಅಂತ ನೋಡಿದರೆ ಕತೆ ಇನ್ನೂ ವಿಚಿತ್ರವಾಗಿದೆ. 18,600 ಬಂದದ್ದು 2012ರಲ್ಲಿ, ಥೆರೆಸಾ ಮೇ ಗೃಹ ಸಚಿವೆಯಾಗಿದ್ದಾಗ. ಎಷ್ಟು ಸಂಬಳವಿದ್ದರೆ ಒಂದು ದಂಪತಿಗೆ ಸರ್ಕಾರದ ಆದಾಯಾಧಾರಿತ ನೆರವು ಬೇಕಾಗುವುದಿಲ್ಲ ಎಂದು ವಲಸೆ ಸಲಹಾ ಸಮಿತಿ ಲೆಕ್ಕ ಹಾಕಿತ್ತು. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಆದರೆ ಕನಿಷ್ಠ ಅದೊಂದು ಲೆಕ್ಕವಂತೂ ಹೌದು. 38,700ಕ್ಕೆ ಅದೂ ಇಲ್ಲ. ನುರಿತ ಕೆಲಸಗಾರರ ವೀಸಾಗೆ ಆಗ ಹೊಸದಾಗಿ ಗೊತ್ತುಮಾಡಿದ್ದ ಸಂಬಳದ ಮಿತಿಯನ್ನೇ ಎತ್ತಿ ತಂದು ಮದುವೆಗೆ ಅಂಟಿಸಿದರು. ಕಂಪನಿಯೊಂದು ಹೊರದೇಶದಿಂದ ಇಂಜಿನಿಯರ್‌ನನ್ನು ಕರೆಸುವುದೂ ಒಬ್ಬಾಕೆ ತನ್ನ ಗಂಡನನ್ನು ಕರೆಸುವುದೂ ಒಂದೇನಾ? 2025ರ ಜೂನ್‌ನಲ್ಲಿ ಅದೇ ಸಲಹಾ ಸಮಿತಿ, ಈ ಎರಡು ವೀಸಾಗಳ ಉದ್ದೇಶವೇ ಪೂರ್ತಿ ಬೇರೆ, ಇದರ ಹಿಂದಿನ ತರ್ಕ ತನಗೆ ಅರ್ಥವಾಗುತ್ತಿಲ್ಲ ಎಂದು ನೇರವಾಗಿಯೇ ಬರೆಯಿತು.

ತರ್ಕವಿಲ್ಲ ಅಂದಮಾತ್ರಕ್ಕೆ ಕಾರಣವೂ ಇಲ್ಲ ಎಂದಲ್ಲ. ಘೋಷಣೆಗೆ ಹನ್ನೊಂದು ದಿನ ಮುಂಚೆಯಷ್ಟೇ, 2022ರ ನಿವ್ವಳ ವಲಸೆ 7.45 ಲಕ್ಷ ಎಂಬ ಅಂದಾಜು ಹೊರಬಿದ್ದಿತ್ತು. ಚುನಾವಣೆ ಹತ್ತಿರದಲ್ಲಿತ್ತು. ಏನಾದರೂ ಮಾಡಿ ತೋರಿಸಬೇಕಿತ್ತು. ಕೈಗೆ ಸುಲಭವಾಗಿ ಸಿಕ್ಕಿದ್ದು ಕಡಿಮೆ ಸಂಬಳದವರ ಸಂಸಾರ.

ನಿಯಮದ ಒಳಗಿನ ಕ್ರೌರ್ಯ ಗೊತ್ತಾಗಬೇಕಾದರೆ ಒಂದು ಜೋಡಿಯನ್ನು ಊಹಿಸಿಕೊಳ್ಳಿ. ಹುಡುಗಿ ಲೆಸ್ಟರ್‌ನಲ್ಲಿ ಹುಟ್ಟಿ ಬೆಳೆದ ಬ್ರಿಟಿಷ್ ಪ್ರಜೆ, ಅಪ್ಪ-ಅಮ್ಮ ಹುಬ್ಬಳ್ಳಿ ಕಡೆಯವರು. ವೃದ್ಧಾಶ್ರಮವೊಂದರಲ್ಲಿ ಕನಿಷ್ಠ ವೇತನಕ್ಕೆ ದುಡಿಯುತ್ತಾಳೆ. 2025ರ ಏಪ್ರಿಲ್‌ನಿಂದ ಅದು ಗಂಟೆಗೆ 12.21 ಪೌಂಡ್ ಇತ್ತು. ಆ ದರದಲ್ಲಿ ವಾರಕ್ಕೆ 37.5 ಗಂಟೆ, ವರ್ಷಪೂರ್ತಿ ದುಡಿದರೂ ಕೈಗೆ ಬರೋದು ಸುಮಾರು 23,800. ಗಂಡ ಬೆಂಗಳೂರಿನಲ್ಲಿ ಇಂಜಿನಿಯರ್, ವರ್ಷಕ್ಕೆ 25 ಲಕ್ಷ ರೂಪಾಯಿ ಸಂಬಳ ಅಂತಿಟ್ಟುಕೊಳ್ಳೋಣ. ನಿಯಮದ ಕಣ್ಣಿಗೆ ಅವನ ಸಂಬಳ ಸೊನ್ನೆ. ನಾಳೆ ಬ್ರಿಟನ್ನಿಗೆ ಬಂದು ಅವನು ಹೆಂಡತಿಗಿಂತ ಮೂರು ಪಟ್ಟು ದುಡಿಯಬಹುದು, ಅದೂ ಲೆಕ್ಕಕ್ಕಿಲ್ಲ. ಹೊರಗಿನಿಂದ ಅರ್ಜಿ ಹಾಕುವಾಗ ನೋಡುವುದು ಅವಳ ಸಂಬಳದ ಚೀಟಿಯನ್ನು ಮಾತ್ರ.

ಉಳಿತಾಯ ತೋರಿಸಬಹುದಲ್ಲ ಅಂತೀರಾ? ತೋರಿಸಬಹುದು. ಮೊದಲ 16,000 ಪೌಂಡ್ ಲೆಕ್ಕಕ್ಕೆ ಬರುವುದಿಲ್ಲ, ಅದರ ಮೇಲೆ ಕೊರತೆಯ ಎರಡೂವರೆ ಪಟ್ಟು ಇರಬೇಕು, ಆರು ತಿಂಗಳಿಂದ ಅವರ ಕೈಯಲ್ಲೇ ಇರಬೇಕು. ಅವಳಿಗೆ ಕಮ್ಮಿ ಬಿದ್ದಿರುವುದು 5,200 ಪೌಂಡ್, ಅದಕ್ಕೆ ತೋರಿಸಬೇಕಾದದ್ದು ಸುಮಾರು 29,000. ಸಂಬಳವೇ ಇಲ್ಲದಿದ್ದರೆ 88,500. ಇನ್ನು 2025ರಲ್ಲಿ ವೀಸಾ ಶುಲ್ಕ 1,938 ಪೌಂಡ್ ಇತ್ತು, ಆರೋಗ್ಯ ಶುಲ್ಕ 3,105 ಬೇರೆ.

ಅಮೆರಿಕದಲ್ಲೂ ಆದಾಯ ತೋರಿಸಬೇಕು, ಬಡತನ ರೇಖೆಯ 125 ಪರ್ಸೆಂಟ್. 2025ರ ಪ್ರಕಾರ ಇಬ್ಬರ ಸಂಸಾರಕ್ಕೆ ಸುಮಾರು 26,400 ಡಾಲರ್. ಅದು ಸಾಲದಿದ್ದರೆ ಅಣ್ಣನೋ ಸ್ನೇಹಿತನೋ ಜಂಟಿ ಸ್ಪಾನ್ಸರ್ ಆಗಿ ಸಹಿ ಹಾಕಬಹುದು. ಬ್ರಿಟನ್ನಿನಲ್ಲಿ ಅಣ್ಣನ ಮಾತು ಸಾಮಾನ್ಯವಾಗಿ ನಡೆಯುವುದಿಲ್ಲ.

ಸಂಗಾತಿಯ ಜೊತೆ ಭಾರತದಲ್ಲೇ ಇದ್ದು, ಈಗ ವಾಪಸ್ ಹೋಗಬೇಕು ಅನ್ನುವವರ ಪಾಡು ಇನ್ನೂ ಕಷ್ಟ. ಮೈಸೂರಿನಲ್ಲಿ ಮೇಷ್ಟ್ರ ಕೆಲಸ ಮಾಡಿಕೊಂಡಿರುವ ಬ್ರಿಟಿಷ್ ಪ್ರಜೆಯೊಬ್ಬ ಸಂಬಳದ ಆಧಾರದ ಮೇಲೆ ಹೆಂಡತಿಯನ್ನು ಕರೆದೊಯ್ಯಬೇಕಾದರೆ ಇಲ್ಲೇ ಅಷ್ಟು ಸಂಬಳ ತೆಗೆದುಕೊಳ್ಳುತ್ತಿರಬೇಕು. ರೂಪಾಯಿಯಲ್ಲಿ ಅದು 30 ಲಕ್ಷಕ್ಕೂ ಮೇಲೆ. ಜೊತೆಗೆ, ಮರಳಿದ ಮೂರು ತಿಂಗಳೊಳಗೆ ಶುರುವಾಗುವ, 29,000 ಪೌಂಡ್ ಸಂಬಳದ ಕೆಲಸದ ಪತ್ರವೂ ಬೇಕು. ಮೈಸೂರಿನ ಯಾವ ಶಾಲೆ ಮೇಷ್ಟ್ರಿಗೆ 30 ಲಕ್ಷ ಕೊಡುತ್ತೆ ಸ್ವಾಮಿ?

ತೆರಿಗೆದಾರರಿಗೆ ಹೊರೆಯಾಗಬಾರದು ಅನ್ನುವುದು ನಿಯಮದ ಪರವಾಗಿ ಕೇಳಿಬರುವ ಮುಖ್ಯ ವಾದ. ಈ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಸಂಗಾತಿ ವೀಸಾದಲ್ಲಿ ಬಂದವರಿಗೆ ಸರ್ಕಾರದ ನೆರವು ಕೇಳುವ ಹಕ್ಕು ಮೊದಲೇ ಇರುವುದಿಲ್ಲ, ವೀಸಾದಲ್ಲೇ ಆ ಷರತ್ತು ಇದೆ. ಒಬ್ಬಂಟಿಯಾಗಿ ಮಗು ಸಾಕುತ್ತಾ ಪಾರ್ಟ್‌ಟೈಮ್ ದುಡಿಯುವ ತಾಯಿಗೆ ಗಂಡ ಬಂದರೆ ಅವಳೂ ಹೆಚ್ಚು ಗಂಟೆ ದುಡಿಯಬಹುದು, ಅವನೂ ತೆರಿಗೆ ಕಟ್ಟುತ್ತಾನೆ. ಹೊರೆ ಇಳಿಯೋದು ಹೀಗೆ.

ಇಂಥ ನಿಯಮಕ್ಕೆ ಹೆಚ್ಚು ಸಿಕ್ಕಿಬೀಳುವವರು ಕಮ್ಮಿ ಸಂಬಳದ ಹೆಂಗಸರೇ. ಬ್ರಿಟನ್ನಿಗೆ ಈ ಚಾಳಿ ಹಳೆಯದು. ಮದುವೆಯಾಗಲಿದ್ದ ಹುಡುಗನನ್ನು ಸೇರಲು ಲಂಡನ್ನಿಗೆ ಬಂದಿಳಿದ ಭಾರತೀಯ ಮಹಿಳೆಗೆ ವಿಮಾನ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆ ಮಾಡಿದ್ದು 1979ರಲ್ಲಿ ಬಯಲಾಗಿತ್ತು. ಗಂಡಸರು ಹೆಂಡತಿಯನ್ನು ಕರೆಸಿಕೊಂಡಷ್ಟು ಸುಲಭವಾಗಿ ಹೆಂಗಸರು ಗಂಡನನ್ನು ಕರೆಸುವಂತಿರಲಿಲ್ಲ. ಇದು ಲಿಂಗ ತಾರತಮ್ಯ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1985ರಲ್ಲಿ ಹೇಳಿತು. ಸರ್ಕಾರ ಹುಡುಕಿದ ಪರಿಹಾರ ಏನು ಗೊತ್ತಾ? ಗಂಡಸರಿಗೂ ಬಿಗಿ ಮಾಡಿಬಿಟ್ಟಿತು. ಸಮಾನತೆ ಬಂತು!

ಮಕ್ಕಳ ಮಾತಂತೂ ಬೇರೆಯೇ. ಅಪ್ಪನನ್ನೋ ಅಮ್ಮನನ್ನೋ ಪರದೆಯ ಮೇಲಷ್ಟೇ ನೋಡುತ್ತಾ ಬೆಳೆಯುವ ಇಂಥ ಮನೆಗಳಿಗೆ ‘ಸ್ಕೈಪ್ ಕುಟುಂಬ’ ಎಂಬ ಹೆಸರೇ ಬಿತ್ತು. 2017ರಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಆದಾಯ ಮಿತಿಯನ್ನು ತಾತ್ವಿಕವಾಗಿ ಎತ್ತಿಹಿಡಿಯಿತು. ಆದರೆ ಮಕ್ಕಳ ಹಿತವನ್ನು ಸರಿಯಾಗಿ ಪರಿಗಣಿಸಿಲ್ಲ ಎಂದು ಸರ್ಕಾರದ ಕಿವಿ ಹಿಂಡಿತು.

ಕನಿಷ್ಠ ವೇತನಕ್ಕಿಂತ ಹೆಚ್ಚು ದುಡಿಯಲೇಬೇಕು ಎಂಬ ಒತ್ತಾಯ ಬೇಡ ಅನ್ನುವುದಾದರೆ 23,000ದಿಂದ 25,000 ಪೌಂಡ್ ಸಾಕಾದೀತು ಎಂದು ಸಲಹಾ ಸಮಿತಿಯ 2025ರ ವರದಿ ಹೇಳಿದೆ. 24,000ಕ್ಕೆ ಇಳಿಸಿದರೆ ನಿವ್ವಳ ವಲಸೆ ಎಷ್ಟು ಏರಬಹುದು ಎಂದೂ ಅಂದಾಜು ಮಾಡಿದೆ: ಒಂದರಿಂದ ಮೂರು ಪರ್ಸೆಂಟ್. ಪರಿಶೀಲಿಸುತ್ತೇವೆ ಎಂದಿತು ಸರ್ಕಾರ. ನೈಜೆಲ್ ಫರಾಜ್ ಬೆನ್ನ ಹಿಂದೆಯೇ ಓಡಿಬರುತ್ತಿರುವಾಗ ಈ ಮೂರು ಪರ್ಸೆಂಟೂ ಲೇಬರ್ ಪಕ್ಷಕ್ಕೆ ದೊಡ್ಡದಾಗಿ ಕಾಣುತ್ತಿದೆ.