ಗಾಳಿಯ ತರಂಗವೂ ಭೂಮಿಯ ನೀರೂ

ಭೂಗರ್ಭದ ನೀರಿಗೆ ಬೇಲಿಯಿಲ್ಲವೆಂಬ ಮಾತನ್ನು ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ಬೆಳೆಗಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಒಬ್ಬನು ಐನೂರು ಅಡಿ ಕೊರೆಯಿಸಿದರೆ ನೆರೆಯವನು ಏಳುನೂರು ಕೊರೆಯಿಸುವನು. ಮೊದಲಿನವನ ಬಾವಿ ಬತ್ತಲು, ಅವನು ಸಾಲ ತೆಗೆದು ಸಾವಿರಕ್ಕೆ ಇಳಿಯುವನು. ಕಡೆಗೆ ಇಬ್ಬರೂ ಟ್ಯಾಂಕರಿನ ದಾರಿ ಕಾಯುವರು. ಇವರಲ್ಲಿ ಯಾರೂ ದುಷ್ಟರಲ್ಲ, ಮೂರ್ಖರೂ ಅಲ್ಲ. ತನ್ನ ಬೆಳೆಯನ್ನುಳಿಸಿಕೊಳ್ಳಲು ಪ್ರತಿಯೊಬ್ಬನೂ ಹಾಕಿದ ಲೆಕ್ಕವು ಸರಿಯಾದುದೇ. ಫಲ ಮಾತ್ರ ಉಭಯರಿಗೂ ನಷ್ಟ.

ಇಂಥದೇ ಇನ್ನೊಂದು ಸಾಮಾನ್ಯ ಸ್ವತ್ತು ನಮ್ಮ ತಲೆಯ ಮೇಲಿರುವುದು. ಅದು ಮೊಬೈಲು ಮಾತುಗಳನ್ನು ಹೊರುವ ತರಂಗಾಂತರ. ಒಂದೇ ತರಂಗಾಂತರವನ್ನು ಹಲವರು ಬಳಸುವಾಗ ಒಬ್ಬನ ಸಂಕೇತವು ಮತ್ತೊಬ್ಬನಿಗೆ ಗದ್ದಲವಾಗುವುದು. ತನ್ನ ದನಿ ಮುಟ್ಟಲೆಂದು ಒಂದು ಯಂತ್ರವು ಶಕ್ತಿಯನ್ನೇರಿಸಿದರೆ ಉಳಿದವೂ ಏರಿಸಬೇಕಾಗುವುದು. ಬ್ಯಾಟರಿಗಳು ಬರಿದಾಗುವವೇ ಹೊರತು ಯಾರ ಮಾತೂ ಸ್ಪಷ್ಟವಾಗದು.

ಇಂಥ ಪೇಚನ್ನು ಅಳೆಯುವ ಗಣಿತಕ್ಕೆ ಆಟದ ಸಿದ್ಧಾಂತವೆಂದು ಹೆಸರು. 1944ರಲ್ಲಿ ವಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ ಎಂಬ ವಿದ್ವಾಂಸರು ಇದರ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. 1950ರಲ್ಲಿ ಜಾನ್ ನ್ಯಾಶ್ ಅವರು, ಯಾವನೊಬ್ಬನೂ ತಾನೊಬ್ಬನೇ ನಡೆಯನ್ನು ಬದಲಿಸಿ ಲಾಭ ಪಡೆಯಲಾರದ ಸಮತೋಲ ಸ್ಥಿತಿಯನ್ನು ನಿರೂಪಿಸಿದರು. ಅವರಿಗೆ 1994ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಆ ಸಮತೋಲವು ಎಲ್ಲರಿಗೂ ಹಿತಕರವೇ ಆಗಿರಬೇಕೆಂದಿಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಕೊಳವೆಬಾವಿಯ ಪಂದ್ಯವೇ ಇದಕ್ಕೆ ಸಾಕ್ಷಿ. ಆದುದರಿಂದ ಇಲ್ಲಿ ನೀತಿಬೋಧೆ ಸಾಲದು, ಆಟದ ನಿಯಮವನ್ನೇ ತಿದ್ದಬೇಕು.

ಯಂತ್ರಶಾಸ್ತ್ರಜ್ಞರು ತಮ್ಮ ಪಾಲಿನ ಕೆಲಸವನ್ನು ಮಾಡಿರುವರು. ಮೂರನೆಯ ಪೀಳಿಗೆಯ ಜಾಲದಲ್ಲಿ ಪ್ರತಿಯೊಂದು ಫೋನಿನ ಶಕ್ತಿಯನ್ನು ಗೋಪುರವು ಸೆಕೆಂಡಿಗೆ 1500 ಸಲ ತಿದ್ದುವಂತೆ ಅವರು ಏರ್ಪಡಿಸಿದರು. ಮನೆಯ ವೈಫೈ ಪೆಟ್ಟಿಗೆಯೂ ಮೊದಲು ಕಿವಿಗೊಟ್ಟು ಕೇಳಿ, ಬೇರೊಬ್ಬರು ಮಾತಾಡುತ್ತಿದ್ದರೆ ತಡೆದು ನಿಲ್ಲುವುದು. ಯಂತ್ರಗಳಿಗೆ ಕಲಿಸಿದ ಈ ಶಿಸ್ತು ಅವುಗಳ ಒಡೆಯರಿಗೂ ಬೇಡವೆ?

ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಸಾರಿತು; ಮನಬಂದಂತೆ ಹಂಚಿದ 122 ಪರವಾನಗಿಗಳನ್ನು 2012ರಲ್ಲಿ ರದ್ದುಗೊಳಿಸಿತು. ಬಳಿಕ ಹರಾಜು ಬಂದಿತು. 2022ರ ಹರಾಜಿನಲ್ಲಿ ಕೂಗಿದ ಮೊತ್ತವು ಒಂದೂವರೆ ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಬೊಕ್ಕಸ ತುಂಬಿದುದು ಸಂತೋಷವೇ. ಆದರೆ ಹರಾಜು ತರಂಗಾಂತರವನ್ನು ಯಾರು ಪಡೆಯಬೇಕೆಂಬುದನ್ನು ನಿರ್ಣಯಿಸುವುದು. ಅದು ಯಾರನ್ನು ಮುಟ್ಟಬೇಕೆಂಬುದನ್ನು ನಿರ್ಣಯಿಸದು. ವಿಜಯಪುರದ ಪೇಟೆಯಲ್ಲಿ ಗಿರಾಕಿಗಳು ಒತ್ತಾಗಿರುವುದರಿಂದ ಕಂಪನಿಗಳು ಅಲ್ಲಿಗೆ ಓಡುವುವು. ದೂರದ ತೋಟದ ವಸ್ತಿಗಳಲ್ಲಿ ಗಿರಾಕಿಗಳು ವಿರಳ. ಅಲ್ಲಿ ಪ್ರತಿಯೊಂದು ಕಂಪನಿಯೂ ಬೇರೊಂದು ಕಂಪನಿ ಮೊದಲು ಗೋಪುರ ಕಟ್ಟಲೆಂದು ಕಾಯುವುದೇ ಅದರ ಲೆಕ್ಕಕ್ಕೆ ಸರಿ. ಕಾಯುವಿಕೆಯ ದಂಡವನ್ನು ತೆರುವವರು ಯಾರು? ಮಳೆಯ ಮುನ್ಸೂಚನೆ ಬೇಕಾದ ರೈತ, ಪಾಠ ಬೇಕಾದ ವಿದ್ಯಾರ್ಥಿ, ಪಡಿತರದಂಗಡಿಯಲ್ಲಿ ಬೆರಳಿಟ್ಟು ನಿಂತ ಮುದುಕಿ.

ಮದ್ದು ಇಲ್ಲದಿಲ್ಲ. ಕಂಪನಿಗಳು ತರಂಗಾಂತರವನ್ನು ಹಂಚಿಕೊಳ್ಳಲು 2015ರಲ್ಲಿಯೇ ಅನುಮತಿ ದೊರೆಯಿತು. ಬಳಸದೆ ಇಟ್ಟುಕೊಂಡುದನ್ನು ಹಿಂತೆಗೆದುಕೊಳ್ಳುವ ಅಧಿಕಾರವನ್ನು 2023ರ ದೂರಸಂಪರ್ಕ ಕಾಯಿದೆಯು ಸರಕಾರಕ್ಕೆ ಕೊಟ್ಟಿರುವುದು. ತಾನು ಹಣ ಹಾಕಿ ಕಟ್ಟಿದ ಗೋಪುರವನ್ನು ಎದುರಾಳಿಗೇಕೆ ಬಿಟ್ಟುಕೊಡಬೇಕೆಂದು ಕಂಪನಿಯು ಕೇಳಬಹುದು. ಪ್ರಶ್ನೆ ನ್ಯಾಯವಾದುದು, ಬಿಟ್ಟಿಯಾಗಿ ಕೊಡೆನ್ನುವುದು ನಮ್ಮ ಮತವೂ ಅಲ್ಲ. ಮೊದಲು ಕಟ್ಟಿದವನಿಗೆ ಯೋಗ್ಯವಾದ ಬಾಡಿಗೆ, ಹಳ್ಳಿಗಳಲ್ಲಿ ಹಂಚಿಕೊಳ್ಳುವುದು ಕಡ್ಡಾಯ, ಪಡೆದೂ ಬಳಸದವನಿಗೆ ತೆರಿಗೆ, ತಾಲೂಕಾವಾರು ಲೆಕ್ಕ ಪ್ರಕಟಣೆ: ಈ ನಾಲ್ಕನ್ನು ಸರಕಾರವು ವಿಧಿಸಿದರೆ, ಕಾಯುವವನಿಗಿಂತ ಕಟ್ಟುವವನಿಗೇ ಲಾಭವಾಗುವುದು. ಆಗ ಸ್ವಾರ್ಥವೇ ಲೋಕಹಿತದ ನೊಗಕ್ಕೆ ಹೆಗಲು ಕೊಡುವುದು.

ನೀರಿನ ವಿಷಯದಲ್ಲಿ ನಿಯಮ ಬರುವ ಮೊದಲೇ ಬಾವಿಗಳು ಬತ್ತಿದುವು. ತರಂಗಾಂತರವು ಬತ್ತುವ ವಸ್ತುವಲ್ಲ. ಬಳಸದೆ ಕಳೆದ ದಿನ ಮಾತ್ರ ಮರಳಿ ಬಾರದು. ಅಧಿಕಾರಿಗಳು ಕಾಯಿದೆಯಿತ್ತ ಅಧಿಕಾರವನ್ನು ಕಾಗದದಲ್ಲಿಯೇ ಉಳಿಸದೆ, ಬೇಗನೆ ಆಚರಣೆಗೆ ತರಬೇಕೆಂದು ನಾವು ಆಗ್ರಹಪಡಿಸುವೆವು.